ಹಿಂಬಾಗಿಲ ಕಬ್ಬಿಣದ ಮೆಟ್ಟಿಲು

ಆ ಬಂಗಲೆಯನ್ನು ಮ್ಯೂಸಿಯಂ ಮಾಡಿದ್ದಾರೆಂಬ ಸುದ್ದಿಯನ್ನು ನನಗೆ ತಂದವಳು ನನ್ನ ಅಕ್ಕ. ಹಲಸೂರು ಕೆರೆಯ ಹಿಂದಿನ ಓಣಿಯಲ್ಲಿ ಅವಳದು ಒಂದೇ ಕೋಣೆಯ ಮನೆ. ಆ ಓಣಿಯ ಹೆಂಗಸೊಬ್ಬಳು ಅಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದ್ದಳಂತೆ. ಯುಗಾದಿಗೆ ನಮ್ಮ ಮನೆಗೆ ಬಂದ ಅಕ್ಕ ಒಬ್ಬಟ್ಟಿನ ತಟ್ಟೆಯನ್ನು ಪಕ್ಕಕ್ಕಿಟ್ಟು, ಬೇರೆ ಯಾರಿಗೂ ಕೇಳಿಸಬಾರದೆಂಬಂತೆ ಬಗ್ಗಿ ಹೇಳಿದಳು.

“ತಮ್ಮಾ, ನಮ್ ದೊರೆಸಾನಿ ಬಂಗ್ಲೆಗೆ ಸುಣ್ಣ ಬಣ್ಣ ಹೊಡ್ದು ಟಿಕೇಟ್ ಇಟ್ಟವ್ರಂತೆ ಕಣೋ. ಟಿಕೇಟ್ ತಗೊಂಡ್ರೆ ಯಾರ್ ಬೇಕಾದ್ರೂ ಮುಂಬಾಗ್ಲಿಂದ ಹೋಗ್ಬೋದಂತೆ.”

“ಹೋಗಿ ಏನ್ ನೋಡ್ತೀಯ? ಹಳೇ ಗೋಡೆ.”

“ಗೋಡೆ ನೋಡಕ್ಕಲ್ಲ. ಒಂದ್ಸಲ ಮುಂಬಾಗ್ಲಿಂದ ಒಳಗ್ಹೋಗಿ ಹಿಂಬಾಗ್ಲಿಂದ ಆಚೆ ಬರ್ಬೇಕು, ಅಷ್ಟೇ. ನೀನ್ ಕರ್ಕೊಂಡ್ ಹೋಗು. ಒಬ್ಳೇ ಹೋದ್ರೆ ಕಾಲು ತಾನೇ ಹಿಂದ್ಗಡೆಗೆ ತಿರುಗ್ಬಿಡುತ್ತೆ.”

ಹಾಗೆಂದು ನಕ್ಕಳು. ನಾನೂ ನಕ್ಕೆ. ಮುಂದಿನ ತಿಂಗಳ ಮೊದಲ ಭಾನುವಾರ ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟೆ.

ನಾವು ಹುಟ್ಟಿದ್ದು ಆ ಬಂಗಲೆಯ ಹಿತ್ತಲಿನಲ್ಲಿದ್ದ ಹೆಂಚಿನ ಸಾಲು ಕೋಣೆಗಳಲ್ಲಿ. ಮೈಸೂರು ಸೀಮೆ ಮುಗಿದು ಬಿಳಿಯರ ದಂಡು ಪ್ರದೇಶ ಶುರುವಾಗುತ್ತಿದ್ದ ಗಡಿಯಲ್ಲೇ ಆ ಕಾಂಪೌಂಡು. ಗೇಟಿನ ಪಕ್ಕ ಗಡಿಕಲ್ಲು, ಅದರಾಚೆ ಸುಂಕದ ಚೌಕಿ. ಬಿಳಿಯರು ಹೋದ ಮೇಲೂ ಒಬ್ಬ ಮುದುಕಿ ದೊರೆಸಾನಿ ಹೋಗದೆ ಉಳಿದುಕೊಂಡಿದ್ದಳು. ಅಪ್ಪ ಅವಳ ತೋಟದ ಮಾಲಿ. ಅಮ್ಮ ಬಚ್ಚಲು ತೊಳೆಯುವವಳು. ಮಹಡಿಯ ಮಲಗುವ ಕೋಣೆಗಳಿಗೆ ಅಂಟಿಕೊಂಡಿದ್ದ ಬಚ್ಚಲಲ್ಲಿ ಮರದ ಕುರ್ಚಿಯಂಥ ಕಮೋಡು ಇರುತ್ತಿತ್ತು. ಅದರೊಳಗಿನ ಪಾತ್ರೆಯನ್ನು ದಿನಾ ಎತ್ತಿ ಹೊರಗೆ ಸಾಗಿಸಬೇಕು. ಅದಕ್ಕೆಂದೇ ಬಚ್ಚಲಿಗೆ ಹೊರಗಿನಿಂದ ಒಂದು ಬಾಗಿಲು, ಆ ಬಾಗಿಲಿಗೆ ಹಿತ್ತಲಿನಿಂದ ಸುತ್ತಿಕೊಂಡು ಹತ್ತುವ ಕಬ್ಬಿಣದ ಮೆಟ್ಟಿಲು. ಪಾತ್ರೆ ಹೊರುವವಳು ಮನೆಯೊಳಗೆ ಎಲ್ಲಿಯೂ ಕಾಣಿಸಬಾರದು.

ಅದಕ್ಕೊಂದು ಪದ್ಧತಿಯಿತ್ತು. ಮೆಟ್ಟಿಲು ಹತ್ತಿ ಬಂದು ಬಾಗಿಲ ಹೊರಗೆ ನಿಂತು ಬಕೆಟ್ಟಿನ ಹಿಡಿಯನ್ನು ಎರಡು ಸಲ ತಟ್ಟಬೇಕು. ಒಳಗಿನಿಂದ ದೊರೆಸಾನಿ ತನ್ನ ಹಿಂದೂಸ್ತಾನಿಯಲ್ಲಿ “ಆವ್”, ಅಂದರೆ ಬಾ, ಎಂದರೆ ಹೋಗಬೇಕು. ಅನ್ನದಿದ್ದರೆ ಅನ್ನುವವರೆಗೆ ನಿಂತಿರಬೇಕು. ಮೂರನೆಯ ಸಲ ತಟ್ಟುವಂತಿಲ್ಲ. ಒಳಗೆ ಹೋದ ಮೇಲೆ ತಲೆ ಎತ್ತುವಂತಿಲ್ಲ. ಅಮ್ಮನಿಗೆ ಉಬ್ಬಸ ಬಂದು ಮೆಟ್ಟಿಲು ಹತ್ತಲಾಗದೆ ಹೋದಾಗ ಅಕ್ಕ ಶಾಲೆ ಬಿಟ್ಟು ಆ ಬಕೆಟ್ಟು ಹಿಡಿದಳು. ಯಾರಾದರೂ ಒಬ್ಬರು ಹಿಡಿಯದಿದ್ದರೆ ಕೋಣೆ ಖಾಲಿ ಮಾಡಬೇಕಿತ್ತು. ಅವಳು ಹಿಡಿದಳು, ನಾನು ಹೈಸ್ಕೂಲು ಮುಗಿಸಿದೆ, ಸರ್ಕಾರಿ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದೆ, ಸಿ.ವಿ. ರಾಮನ್ ನಗರದಲ್ಲಿ ಸೈಟು ಕೊಂಡೆ, ಮನೆ ಕಟ್ಟಿದೆ. ಅಕ್ಕ ಕುಕ್ ಟೌನಿನ ಮನೆಗಳಲ್ಲಿ ಆಯಾ ಆಗಿ, ಬೇರೆಯವರ ಮಕ್ಕಳನ್ನು ಸಾಕುತ್ತಾ ಮದುವೆಯಿಲ್ಲದೆ ಮುದುಕಿಯಾದಳು.

ನನ್ನ ಅಪ್ಪ ಏನು ಮಾಡುತ್ತಿದ್ದರು ಎಂದು ಯಾರಾದರೂ ಕೇಳಿದರೆ, “ದಂಡಿನಲ್ಲಿ ಒಂದು ಬಂಗಲೆ ನೋಡಿಕೊಳ್ಳುತ್ತಿದ್ದರು” ಎನ್ನುತ್ತಿದ್ದೆ. ಸುಳ್ಳಲ್ಲ. ಕೇಳಿದವರು ಕೋಟು ಹಾಕಿಕೊಂಡ ಮ್ಯಾನೇಜರನ್ನು ಕಲ್ಪಿಸಿಕೊಳ್ಳುತ್ತಿದ್ದರು, ನಾನು ಅದನ್ನು ಹಾಗೇ ಬಿಡುತ್ತಿದ್ದೆ. ಬಿಟ್ಟೂ ಬಿಟ್ಟೂ ಅಪ್ಪನ ಮೈಮೇಲೆ ನನಗೂ ಕೋಟು ಕಾಣಿಸತೊಡಗಿತ್ತು. ಅಮ್ಮನ ವಿಷಯ ಯಾರೂ ಕೇಳುತ್ತಿರಲಿಲ್ಲ.

ಮೊಮ್ಮಗಳಿಗೆ ಸಂಬಂಧ ಕೂಡಿಬಂದದ್ದು ಆ ಬೇಸಿಗೆಯಲ್ಲೇ. ಹುಡುಗನ ಮನೆಯವರು ಇಂದಿರಾನಗರದವರು, ನಮ್ಮ ಜಾತಿಯವರೇ. ಎರಡು ತಲೆಮಾರಿನ ಹಿಂದೆ ಅವರ ಮನೆಯಲ್ಲೂ ಯಾರೋ ಏನನ್ನೋ ಹೊತ್ತಿರಲೇಬೇಕು. ಆದರೆ ಅವರು ನನಗಿಂತ ಮೊದಲೇ ಮರೆತವರು, ನನಗಿಂತ ಚೆನ್ನಾಗಿ ಮರೆತವರು. ಬೀಗರು ತಮಾಷೆಯ ಮನುಷ್ಯ. ಬಂಗಲೆಯ ಮಾತು ಕೇಳಿದ್ದೇ ತಡ, “ಸಾರ್, ಅದೇ ತಾನೇ ಈಗ ಮ್ಯೂಸಿಯಂ ಆಗಿರೋದು? ನಿಮ್ ಜೊತೆಗೇ ಹೋಗಿ ನೋಡ್ಬೇಕು. ಮನೆಯೋರೇ ಗೈಡು ಅಂದ್ರೆ ಸುಮ್ನೇನಾ!” ಎಂದರು. ಅವರಿಗೆ ಬಿಡುವಿದ್ದದ್ದು ನಾನು ಅಕ್ಕನಿಗೆ ಹೇಳಿದ್ದ ಭಾನುವಾರವೇ.

ಹಿಂದಿನ ದಿನ ಅಕ್ಕನಿಗೆ ಫೋನು ಮಾಡಿ ಮಂಡಿ ನೋವು, ನಡೆಯಲಾಗುತ್ತಿಲ್ಲ ಎಂದೆ. “ಅಯ್ಯೋ, ಬೆಳ್ಳುಳ್ಳಿ ಎಣ್ಣೆ ಹಚ್ಕೊ, ಮಲಕ್ಕೊ. ಬಂಗ್ಲೆ ಎಲ್ಲೋಗುತ್ತೆ?” ಎಂದಳು.

ನಾನು ಬೀಗರು, ಬೀಗಿತ್ತಿಯ ಜೊತೆ ಅವರ ಕಾರಿನಿಂದ ಇಳಿದಾಗ ಗಡಿಕಲ್ಲು ಅಲ್ಲೇ ಇತ್ತು, ಸುತ್ತ ಸರಪಳಿ ಹಾಕಿದ್ದರು. ಚೌಕಿಯನ್ನು ರಿಪೇರಿ ಮಾಡಿ ಒಳಗೆ ಪೇಟ ತೊಟ್ಟ ಬೊಂಬೆಯೊಂದನ್ನು ಕೂರಿಸಿದ್ದರು. ಕುದುರೆ ಲಾಯವಿತ್ತು. ಬೇರೆ ಕಡೆಯಿಂದ ಬಿಚ್ಚಿ ತಂದು ಕಟ್ಟಿದ ಸಿಪಾಯಿಗಳ ಗುಡಿಸಲಿತ್ತು. ಅವುಗಳ ನಡುವೆ ಕೆಂಪು ಬಿಳಿ ಬಣ್ಣ ಹೊಡೆದ ಬಂಗಲೆ. ಮುಂದಿನ ಕಲ್ಲು ಮೆಟ್ಟಿಲ ಕೆಳಗೆ ಅಕ್ಕ ನಿಂತಿದ್ದಳು.

ನನ್ನ ಹೆಂಡತಿ ಬದುಕಿದ್ದಾಗ ಕೊಡಿಸಿದ್ದ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಸ್ಟೀಲಿನ ಟಿಫನ್ ಕ್ಯಾರಿಯರ್. ಮೆಟ್ಟಿಲನ್ನೇ ನೋಡುತ್ತಿದ್ದವಳು ಕಾರಿನ ಬಾಗಿಲ ಸದ್ದಿಗೆ ತಿರುಗಿ ನನ್ನನ್ನು ಕಂಡಳು. ಅವಳ ಮುಖ ಅರಳಿದ್ದನ್ನು ನಾನು ನೋಡಿದೆ. ಅದನ್ನು ನೋಡಲಿಲ್ಲ ಎಂದು ಹೇಳಲಾರೆ.

“ಏ ತಮ್ಮಾ! ಮಂಡಿ ನೋವು ಅಂದಲ್ಲೋ! ನಂಗೆ ಮನ್ಸು ತಡೀಲಿಲ್ಲ ನೋಡು, ಬಸ್ಸತ್ತಿ ಬಂದ್ಬಿಟ್ಟೆ. ನೀನೂ ಬಂದ್ಬಿಟ್ಯಾ?”

ಬೀಗಿತ್ತಿ ನನ್ನ ಕಡೆ ನೋಡಿದರು. “ಯಾರಿದು ಅಂಕಲ್?”

ಯೋಚಿಸಲು ಸಮಯವಿರಲಿಲ್ಲ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಸಮಯವಿತ್ತು. ಆ ಉತ್ತರ ನನ್ನ ಬಾಯಲ್ಲಿ ಬಹಳ ವರ್ಷದಿಂದ ತಯಾರಾಗಿಯೇ ಇತ್ತು.

“ನಮ್ಮನೇಲಿ ಕೆಲಸಕ್ಕಿದ್ದೋಳು. ಚಿಕ್ಕಂದಿನಲ್ಲಿ ನನ್ನ ಎತ್ತಿ ಆಡಿಸಿದೋಳು, ಅದಕ್ಕೆ ತಮ್ಮ ಅಂತಾಳೆ. ಈಗ ತಲೆ ಅಷ್ಟು ಸರಿಯಿಲ್ಲ.”

ಕೊನೆಯ ಮಾತನ್ನು ದನಿ ತಗ್ಗಿಸಿ ಹೇಳಿದೆ. ಅಕ್ಕನ ಕಿವಿ ಇವತ್ತಿಗೂ ಚುರುಕು, ಅದು ನನಗೆ ಗೊತ್ತಿತ್ತು. ಅವಳು ಚಪ್ಪಲಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. ಬೀಗಿತ್ತಿ ಒಳ್ಳೆಯವರೇ. “ಬನ್ನಿ ಅಜ್ಜಿ, ನೀವೂ ನಮ್ ಜೊತೆ ಬನ್ನಿ, ಟಿಕೆಟ್ ತಗೋತೀವಿ” ಎಂದು ಕೈ ಚಾಚಿದರು.

“ಬ್ಯಾಡಿ ತಾಯಿ,” ಅಕ್ಕ ಎರಡು ಹೆಜ್ಜೆ ಹಿಂದೆ ಸರಿದಳು. “ನೀವ್ ಹೋಗಿ. ನಾವು ಹಿಂದ್ಗಡೆಯಿಂದ ಬತ್ತೀವಿ.” ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: “ಆಗ್ಬೋದಲ್ವಾ ಬುದ್ದಿ?”

ಬುದ್ದಿ ಎನ್ನುವುದು ನಮ್ಮ ತಾತನ ಕಾಲದವರು ಊರಿನ ಒಡೆಯರನ್ನು ಕರೆಯುತ್ತಿದ್ದ ಮಾತು. ಅವಳ ಬಾಯಲ್ಲಿ ಅದನ್ನು ನಾನು ಎಂದೂ ಕೇಳಿರಲಿಲ್ಲ. ನಾನು ತಲೆಯಾಡಿಸಿದೆ. ಅವಳು ಬಂಗಲೆಯ ಪಕ್ಕದಿಂದ ಹಿತ್ತಲಿಗೆ ಹೋದಳು. ನಾವು ಮುಂಬಾಗಿಲಿನಿಂದ ಒಳಗೆ ಹೋದೆವು. ಆ ಬಾಗಿಲಿನಲ್ಲಿ ನಾನೂ ಮೊದಲ ಸಲ ಕಾಲಿಟ್ಟದ್ದು ಅವತ್ತೇ.

ಕೆಳಗಿನ ಹಜಾರ, ಊಟದ ಮೇಜು, ಗೋಡೆಗೆ ಮೊಳೆ ಹೊಡೆದ ಕಾಡುಕೋಣದ ತಲೆ. ನಾನು ಹಿಂದೆಂದೂ ನೋಡದ ಕೋಣೆಗಳನ್ನು ಮನೆಯ ಮಗನಂತೆ ತೋರಿಸುತ್ತಾ ನಡೆದೆ. ಬಾಯಿಗೆ ಬಂದದ್ದನ್ನು ಹೇಳಿದೆ. ಅಪ್ಪ ಈ ಕುರ್ಚಿಯಲ್ಲಿ ಕೂತು ಲೆಕ್ಕ ಬರೆಯುತ್ತಿದ್ದರು ಎಂದೂ ಹೇಳಿದೆ. ಅಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ.

ಮಹಡಿಯ ಬಚ್ಚಲಿಗೆ ಬಂದಾಗ ಮಾತ್ರ, ಚಿಕ್ಕಂದಿನಲ್ಲಿ ಅಮ್ಮನ ಹಿಂದೆ ಕಬ್ಬಿಣದ ಮೆಟ್ಟಿಲು ಹತ್ತಿ ನೋಡಿದ್ದ, ನನಗೆ ನಿಜವಾಗಿ ಗೊತ್ತಿದ್ದ ಜಾಗ ಸಿಕ್ಕಿತು. ಅದೇ ಕಮೋಡು. ಪಾಲಿಶ್ ಹಾಕಿ, ಮುಟ್ಟಬೇಡಿ ಎಂಬ ಬೋರ್ಡು ಇಟ್ಟಿದ್ದರು. ಬೀಗರು ಮೂಗು ಮುಚ್ಚಿಕೊಂಡು ನಟಿಸಿದರು.

“ಏನ್ ಸಾರ್, ಮಹಾರಾಜರ ಸಿಂಹಾಸನ ಇದ್ದಂಗಿದೆ! ಇದನ್ನ ಎತ್ತೋ ಮಂತ್ರಿ ಯಾರು?”

“ರೀ, ಸುಮ್ನಿರ್ರಿ,” ಎಂದು ಬೀಗಿತ್ತಿ ನಕ್ಕರು.

ನಾನು ಸುಮ್ಮನಿದ್ದರೆ ಸಾಕಿತ್ತು. ಅವರು ಇನ್ನೊಂದು ಕೋಣೆಗೆ ಹೋಗುತ್ತಿದ್ದರು. ಆದರೆ ಆ ಮಹಡಿಯಲ್ಲಿ ಮೊದಲ ಬಾರಿಗೆ ನನಗೆ ಹೇಳಲು ನಿಜವಾದದ್ದೊಂದಿತ್ತು, ನಗಿಸುವಂಥದ್ದೂ ಇತ್ತು. ಆ ಪದ್ಧತಿಯನ್ನು ವಿವರಿಸಿದೆ. ಬರೀ ವಿವರಿಸಲಿಲ್ಲ, ಮಾಡಿ ತೋರಿಸಿದೆ. ಸೊಂಟ ಬಗ್ಗಿಸಿ, ಒಂದು ಕೈಯಲ್ಲಿ ಇಲ್ಲದ ಬಕೆಟ್ಟು ಹಿಡಿದು, ಇನ್ನೊಂದರಿಂದ ಸೆರಗನ್ನು ಮೂಗಿಗೆ ಎಳೆದುಕೊಂಡು ನಡೆದೆ. ಅದು ನನ್ನ ಅಮ್ಮನ ನಡಿಗೆ. ಕೊನೆಗಾಲದಲ್ಲಿ ಉಬ್ಬಸದಿಂದ ಅವಳು ನಡುನಡುವೆ ನಿಲ್ಲುತ್ತಿದ್ದಳು. ನಾನೂ ನಿಂತೆ. ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬೀಗಿತ್ತಿ ಮೊಬೈಲು ಎತ್ತಿ ವಿಡಿಯೋ ಮಾಡತೊಡಗಿದರು.

ಆಗ ಹೊರಬಾಗಿಲಾಚೆ ಟಿಣ್ ಟಿಣ್ ಎಂದಿತು.

ಎರಡು ಸಲ. ಮತ್ತೆ ಇಲ್ಲ.

“ಅಬ್ಬಾ! ಸೌಂಡ್ ಎಫೆಕ್ಟೂ ಇಟ್ಟಿದಾರೆ!” ಬೀಗರು ಚಪ್ಪಾಳೆ ತಟ್ಟಿದರು. “ಕರೀರಿ ಸಾರ್, ಕರೀರಿ! ದೊರೆಸಾನಿ ಹೆಂಗೆ ಕರೀತಿದ್ಲು?”

ಹೊರಗಿರುವವಳು ಯಾರೆಂದು ನನಗೆ ಗೊತ್ತಿತ್ತು. ಅವಳು ಮೆಟ್ಟಿಲು ಹತ್ತಿ ಬಂದು ನನ್ನ ಮಾತನ್ನೆಲ್ಲ ಕೇಳಿಸಿಕೊಂಡಿದ್ದಳೇ, ಇಲ್ಲ ಅಲ್ಲಿ ನಿಂತಾಗ ಕೈ ತಾನಾಗಿಯೇ ಟಿಫನ್ ಕ್ಯಾರಿಯರಿನ ಹಿಡಿಯನ್ನು ತಟ್ಟಿತೇ, ನನಗೆ ತಿಳಿಯದು. ಬಾಗಿಲು ತೆಗೆದು “ಅಕ್ಕಾ” ಎಂದು ಕೈ ಹಿಡಿದುಕೊಳ್ಳಬಹುದಿತ್ತು. ನಾನು ಎದೆ ಉಬ್ಬಿಸಿ, ಗಂಟಲನ್ನು ತೆಳ್ಳಗೆ ಮಾಡಿ ಕೂಗಿದೆ.

“ಆವ್!”

ಬಾಗಿಲು ತೆರೆಯಿತು. ಅಕ್ಕ ಹಸಿರು ರೇಷ್ಮೆಯ ಸೆರಗನ್ನು ತಲೆಯ ಮೇಲೆ ಹೊದ್ದು ಒಳಗೆ ಬಂದಳು. ಕಣ್ಣು ನೆಲದ ಮೇಲಿತ್ತು. ಗೋಡೆಗೆ ಒತ್ತಿಕೊಂಡು ಸರಿದು, ಕಮೋಡಿನ ಪಕ್ಕ ಟಿಫನ್ ಕ್ಯಾರಿಯರ್ ಇಟ್ಟು, ಅದರ ಮುಂದೆ ಕೂತು ಎರಡೂ ಕೈ ಚಾಚಿದಳು. ಬೋರ್ಡಿಗೆ ಕೈ ತಗುಲಿ ಅದು ಅಡ್ಡ ಬಿತ್ತು. ಆಗಲೇ ಅವಳಿಗೆ ಎಚ್ಚರವಾದಂತೆ ಕಂಡಿತು. ಕೈ ಹಿಂದೆಳೆದುಕೊಂಡಳು. ಆದರೆ ತಲೆ ಎತ್ತಲಿಲ್ಲ.

“ಸೂಪರ್ ಅಜ್ಜಿ!” ಎಂದರು ಬೀಗಿತ್ತಿ. “ಏನ್ ಆಕ್ಟಿಂಗ್! ನಿಮ್ಮನ್ನ ಇವ್ರು ಇಲ್ಲಿ ಕೆಲಸಕ್ಕೆ ಇಟ್ಕೋಬೇಕು!”

ನಾನೂ ನಕ್ಕೆ. ಆ ನಗು ವಿಡಿಯೋದಲ್ಲಿ ಸ್ಪಷ್ಟವಾಗಿ ಕೇಳುತ್ತದೆ.

ಹಿತ್ತಲಿನ ನಮ್ಮ ಸಾಲು ಕೋಣೆಗಳನ್ನು ಕಾಫಿ ಅಂಗಡಿ ಮಾಡಿದ್ದರು. ಅಮ್ಮ ಕೊನೆಯುಸಿರೆಳೆದ ಮೂಲೆಯಲ್ಲಿ ಕಾಫಿ ಯಂತ್ರ ಬುಸುಗುಟ್ಟುತ್ತಿತ್ತು. ನಾವು ಮೂವರು ಒಳಗೆ ಕೂತು ಕುಡಿದೆವು. ಬೀಗಿತ್ತಿ ಅಕ್ಕನಿಗೂ ಒಂದು ಕಾಗದದ ಲೋಟದಲ್ಲಿ ಕಳಿಸಿಕೊಟ್ಟರು. ಅವಳು ಹೊರಗಿನ ಜಗುಲಿಯಲ್ಲಿ ಕೂತು, ಬಂಗಲೆಗೆ ಬೆನ್ನು ಮಾಡಿ ಕುಡಿದಳು. ನಾವು ಹೊರಗೆ ಬಂದಾಗ ಅವಳೂ ಅವಳ ಕ್ಯಾರಿಯರೂ ಅಲ್ಲಿರಲಿಲ್ಲ. ಟಿಫನ್ ಕ್ಯಾರಿಯರಿನಲ್ಲಿ ಏನು ತಂದಿದ್ದಳೆಂದು ಆಮೇಲೆ ಮೊಮ್ಮಗಳಿಂದ ತಿಳಿಯಿತು. ನನಗೆ ಇಷ್ಟವೆಂದು ಅಮ್ಮ ಮಾಡುತ್ತಿದ್ದ ಹುಣಿಸೇಹಣ್ಣಿನ ಚಿತ್ರಾನ್ನ. ನನಗೆ ಮಂಡಿ ನೋವೆಂದು, ವಾಪಸು ಹೋಗುವಾಗ ನಮ್ಮ ಮನೆಯಲ್ಲಿ ಕೊಟ್ಟು ಹೋಗಲು ತಂದಿದ್ದಳಂತೆ.

ನಿಶ್ಚಿತಾರ್ಥ ನಮ್ಮ ಮನೆಯಲ್ಲೇ ನಡೆಯಿತು. ಅಕ್ಕನನ್ನು ನಾನು ಕರೆಯಲಿಲ್ಲ. ಮಗನಿಗೆ, ಸೊಸೆಗೆ ಮೊದಲೇ ಹೇಳಿದ್ದೆ: ಅಕ್ಕನ ವಿಷಯದಲ್ಲಿ ಒಂದು ಮಾತು ಹೀಗಾಗಿಬಿಟ್ಟಿದೆ, ಮದುವೆ ಮುಗಿಯುವವರೆಗೆ ಸುಮ್ಮನಿರಿ. ಮಗ “ಅತ್ತೆ ಬಂದ್ರೆ?” ಎಂದ. “ಬರಲ್ಲ” ಎಂದೆ. ಮೊಮ್ಮಗಳಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಅವಳಿಗೆ ಕೂಸಾಗಿದ್ದಾಗಿನಿಂದ ಎಣ್ಣೆ ಹಚ್ಚಿ ಎರೆದವಳು ಅಕ್ಕ.

ಆದರೆ ಬೀಗಿತ್ತಿ ಆ ವಿಡಿಯೋವನ್ನು ಭಾವಿ ಸೊಸೆಗೆ ಕಳಿಸಿದ್ದರು, ನಿಮ್ಮ ತಾತನ ಕಾಮಿಡಿ ನೋಡು ಎಂದು. ಮೊಮ್ಮಗಳು ಅದನ್ನು ನೋಡಿ ಯಾರಿಗೂ ಏನೂ ಹೇಳದೆ ಹಲಸೂರಿಗೆ ಹೋಗಿ ಅಜ್ಜಿಯನ್ನು ಕರೆದು ಬಂದಿದ್ದಳು. ಬರಲೇಬೇಕು, ಬರದಿದ್ದರೆ ಉಂಗುರ ಹಾಕಿಸಿಕೊಳ್ಳುವುದಿಲ್ಲ ಎಂದಿದ್ದಳು.

ತಾಂಬೂಲ ಬದಲಾಯಿಸುವ ಹೊತ್ತು. ಹಜಾರದ ತುಂಬ ಜನ. ನಾನು ಬೀಗರ ಪಕ್ಕ ಸೋಫಾದಲ್ಲಿ ಕೂತಿದ್ದೆ. ಅಡುಗೆಮನೆಯಾಚೆ, ಪಾತ್ರೆ ತೊಳೆಯುವ ಹಿಂಬಾಗಿಲಿನಲ್ಲಿ ಟಿಣ್ ಟಿಣ್ ಎಂದಿತು.

ಬೇರೆ ಯಾರಿಗೂ ಅದು ಸದ್ದೆನಿಸಲಿಲ್ಲ. ಅಡುಗೆಯವರ ಗದ್ದಲದಲ್ಲಿ ಎಷ್ಟೋ ಪಾತ್ರೆಗಳು ಸದ್ದು ಮಾಡುತ್ತಿದ್ದವು. ನಾನು ಕಾದೆ. ಮೂರನೆಯ ಸಲ ತಟ್ಟಲಿಲ್ಲ. ಅವಳು ಅಲ್ಲಿ ನಿಂತಿದ್ದಾಳೆ, ಕರೆಯುವವರೆಗೆ ನಿಂತೇ ಇರುತ್ತಾಳೆ ಎಂಬುದು ಆ ಮನೆಯಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೇ. ನಾನು ಬೀಗರಿಗೆ ಬಾದಾಮಿ ಹಾಲು ಕುಡಿಯಿರಿ ಎಂದೆ.

ಯಾವುದಕ್ಕೋ ಅಡುಗೆಮನೆಗೆ ಹೋದ ಮೊಮ್ಮಗಳು ಅವಳನ್ನು ಕಂಡಳು. “ಅಜ್ಜೀ! ಇಲ್ಯಾಕ್ ನಿಂತಿದೀಯ? ಬಾ ಒಳಗೆ!” ಎಂಬುದು ಹಜಾರಕ್ಕೆಲ್ಲ ಕೇಳಿಸಿತು. ಕೈ ಹಿಡಿದು ಎಳೆದುಕೊಂಡು ಬಂದಳು. ಅಕ್ಕ ಅಡುಗೆಮನೆಯ ಹೊಸಿಲಿನವರೆಗೆ ಬಂದು ನಿಂತುಬಿಟ್ಟಳು. ಅದೇ ಹಸಿರು ಸೀರೆ, ಅದೇ ಟಿಫನ್ ಕ್ಯಾರಿಯರ್.

“ಓ, ಮ್ಯೂಸಿಯಂ ಅಜ್ಜಿ!” ಎಂದರು ಬೀಗರು. ಸಂತೋಷದಿಂದಲೇ ಅಂದರು. “ಬನ್ನಿ ಬನ್ನಿ!”

“ಬಾ ಅಜ್ಜಿ, ಇಲ್ಲಿ ಕೂತ್ಕೊ,” ಮೊಮ್ಮಗಳು ತನ್ನ ಕುರ್ಚಿ ತೋರಿಸಿದಳು.

“ಇರವ್ವಾ,” ಅಕ್ಕ ಕೈ ಬಿಡಿಸಿಕೊಂಡಳು. “ಕರೆಯೋರು ಕರೀಲಿ.”

ಮಗ ತಲೆ ತಗ್ಗಿಸಿ ಮೊಬೈಲು ನೋಡಿದ. ಸೊಸೆ ಎಲೆ ಅಡಿಕೆಯ ತಟ್ಟೆಯನ್ನು ಸರಿಮಾಡಿದಳು. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಈ ಸಲ ತಲೆ ಎತ್ತಿಯೇ ನೋಡುತ್ತಿದ್ದಳು. ಅವಳು ಕೇಳುತ್ತಿದ್ದದ್ದು ಒಂದೇ ಮಾತು. ಅದನ್ನು ಅಂದರೆ ಅವಳು ಆ ಹೊಸಿಲು ದಾಟುತ್ತಿದ್ದಳು. ಬಂಗಲೆಯಲ್ಲಿ ನಡೆದದ್ದನ್ನು ಮರೆಯುತ್ತಲೂ ಇದ್ದಳು, ಅವಳ ಸ್ವಭಾವ ನನಗೆ ಗೊತ್ತು. ನಾನು ಬಾಯಿ ತೆರೆದೆ.

“ಊಟ ಮಾಡ್ಕೊಂಡು ಹೋಗು,” ಎಂದೆ. “ಅಡುಗೆಯೋರಿಗೆ ಹೇಳ್ತೀನಿ.”

“ಆಗ್ಲಿ ಬುದ್ದಿ,” ಎಂದಳು ಅಕ್ಕ. ಟಿಫನ್ ಕ್ಯಾರಿಯರನ್ನು ಹೊಸಿಲ ಮೇಲಿಟ್ಟು ತಿರುಗಿ ಹೋದಳು. ಊಟ ಮಾಡಲಿಲ್ಲ.

ಮೊಮ್ಮಗಳು ಅಲ್ಲೇ ನಿಂತು, ಯಾರನ್ನೂ ನೋಡದೆ, ಎಲ್ಲರಿಗೂ ಕೇಳುವಂತೆ ಹೇಳಿದಳು. “ಅವ್ರು ಕೆಲಸದೋರಲ್ಲ. ತಾತನ ಸ್ವಂತ ಅಕ್ಕ. ಆ ಬಂಗಲೇಲಿ ಬಕೆಟ್ ಹೊತ್ತು ತಾತನ್ನ ಓದ್ಸಿದೋರು.”

ಬೀಗರು ಬಾದಾಮಿ ಹಾಲಿನ ಲೋಟವನ್ನು ಕೆಳಗಿಟ್ಟರು. ಬೀಗಿತ್ತಿ ನನ್ನ ಕಡೆ ತಿರುಗಿ ಕೇಳಿದರು.

“ಹಾಗಾದ್ರೆ ಅಂಕಲ್, ಅವತ್ತು ಅವ್ರು ಆಕ್ಟಿಂಗ್ ಮಾಡಿದ್ದಲ್ವಾ?”

ಅವತ್ತು ಅವರು ಬೇರೇನನ್ನೂ ಕೇಳಲಿಲ್ಲ. ಸಂಬಂಧ ಮುರಿಯಲಿಲ್ಲ. ಉಂಗುರ ಹಾಕಿದರು, ಊಟ ಮಾಡಿದರು, ಮದುವೆಯೂ ಆಯಿತು. ಯಾವ ಮಾತಿಗೆ ಹೆದರಿ ನಾನು ಅಷ್ಟನ್ನೂ ಮಾಡಿದೆನೋ ಆ ಮಾತು ಹೊರಬಿದ್ದ ಮೇಲೂ ಅನ್ನ ಸಾರು ಎಂದಿನಂತೆ ಬಡಿಸಿದರು. ಬೀಗರು ಮಾತ್ರ ನನ್ನ ಜೊತೆ ತಮಾಷೆ ಮಾಡುವುದನ್ನು ಬಿಟ್ಟರು. ಮೊಮ್ಮಗಳು ಮದುವೆಯ ದಿನ ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ಫೋಟೋ ತೆಗೆಯುವವರು ಮಾಡು ಎಂದದ್ದಕ್ಕೆ.

ಈಗ ನಾನು ವಾರಕ್ಕೊಮ್ಮೆ ಹಲಸೂರಿಗೆ ಹೋಗುತ್ತೇನೆ. ಅಕ್ಕ ನನ್ನನ್ನು ಬೈದು ಕಳಿಸಿದ್ದರೆ ಚೆನ್ನಾಗಿತ್ತು. ಅವಳು ಬೈಯುವುದಿಲ್ಲ. ಬಾಗಿಲು ತೆಗೆದು “ಬನ್ನಿ ಬುದ್ದಿ” ಎನ್ನುತ್ತಾಳೆ. ಮನೆಯಲ್ಲಿರುವ ಒಂದೇ ಕುರ್ಚಿಯನ್ನು ಸೆರಗಿನಿಂದ ಒರೆಸಿ ನನಗೆ ಕೊಟ್ಟು, ತಾನು ನೆಲದ ಮೇಲೆ ಗೋಡೆಗೆ ಒತ್ತಿಕೊಂಡು ಕೂರುತ್ತಾಳೆ. ಟೀ ಕೊಡುತ್ತಾಳೆ. ಕೈಗೆ ಕೊಡುವುದಿಲ್ಲ, ಕುರ್ಚಿಯ ಪಕ್ಕ ಇಟ್ಟು ಸರಿಯುತ್ತಾಳೆ. ಅವಳ ಕಾಲು ಹಿಡಿದುಕೊಂಡು ಅತ್ತಿದ್ದೇನೆ. “ಏಳಿ ಬುದ್ದಿ, ಬಟ್ಟೆ ಕೊಳೆ ಆಗುತ್ತೆ” ಎಂದಳು. ನಾನು ನೆಲದ ಮೇಲೆ ಕೂತರೆ ಅವಳು ಎದ್ದು ಓಣಿಗೆ ಹೋಗಿ ನಿಲ್ಲುತ್ತಾಳೆ.

ಹೋದ ವಾರ ಕೇಳಿದೆ. “ಅಕ್ಕಾ, ನಡಿ, ಇವತ್ತು ಬಂಗಲೆಗೆ ಹೋಗೋಣ. ನಿನ್ನ ಕೈ ಹಿಡ್ಕೊಂಡು ಮುಂಬಾಗಿಲಿಂದ ಕರ್ಕೊಂಡು ಹೋಗ್ತೀನಿ. ಯಾರು ನೋಡಿದ್ರೂ ನೋಡ್ಲಿ.”

ಅವಳು ಸೊಪ್ಪು ಬಿಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ನೋಡಾಯ್ತಲ್ಲ ಬುದ್ದಿ,” ಎಂದಳು. “ನೀವೇ ಕರೆದ್ರಿ, ನಾನು ಒಳಗೆ ಬಂದೆ.”